ಕಪಾಟಿನಲ್ಲಿಟ್ಟ ದನಿ

"ಒದ್ದೆ ಬಟ್ಟೆ ಹಿಂಡಿ ತಂದಿದೀನಿ, ಹಾಕ್ಲಾ?" ಎಂದು ಅತ್ತೆ ಕೋಣೆಯೊಳಗೆ ಇಣುಕಿ ಕೇಳಿದರು.

"ಬೇಡ ಅತ್ತೆ. ಒಂದು ಹನಿ ನೀರು ಒಳಗೆ ಹೋದ್ರೂ ಕಥೆ ಮುಗೀತು."

"ಜ್ವರ ಏರ್ತಾ ಇದೆ ಅಂದ್ಯಲ್ಲಮ್ಮ, ಅದಕ್ಕೆ ತಂದೆ."

"ಅಂದೆ. ಇದರ ಜ್ವರಕ್ಕೆ ಬಟ್ಟೆ ಹಾಕೋ ಹಾಗಿಲ್ಲ."

ಅತ್ತೆ ಹೋಗಲಿಲ್ಲ. ಬಟ್ಟೆ ಹಿಡಿದುಕೊಂಡೇ ಮೇಜಿನ ಮೇಲಿದ್ದ ಹಳೆಯ ಲ್ಯಾಪ್‌ಟಾಪನ್ನು ನೋಡುತ್ತ ನಿಂತರು. ಸೊಸೆ ಎರಡು ಸ್ಟೀಲ್ ಬಟ್ಟಲುಗಳನ್ನು ಬೋರಲು ಹಾಕಿ, ಹೊಟ್ಟೆಯಡಿ ಗಾಳಿಯಾಡಲಿ ಎಂದು ಅದನ್ನು ಅವುಗಳ ಮೇಲೆ ಕೂರಿಸಿದ್ದಳು. ಟೇಬಲ್ ಫ್ಯಾನನ್ನು ಅದರ ಪಕ್ಕೆಗೇ ತಿರುಗಿಸಿದ್ದಳು. ಕಿಟಕಿಯ ಪರದೆ ಎಳೆದು ಬಿಸಿಲು ತಡೆದಿದ್ದಳು. ತೆರೆಯ ಮೇಲೆ ಎರಡು ಗೆರೆಗಳು ಎಡದಿಂದ ಬಲಕ್ಕೆ ಹರಿಯುತ್ತಿದ್ದವು. ಕೆಂಪು ಗೆರೆ ಪ್ರೊಸೆಸರಿನ ಬಿಸಿ, ಹಳದಿ ಗೆರೆ ಅದಕ್ಕೆ ಸಿಗುತ್ತಿರುವ ವೋಲ್ಟೇಜು. ಕೆಂಪು ಗೆರೆಯ ತುದಿಯಲ್ಲಿ ತೊಂಬತ್ತೊಂದು ಎಂದಿತ್ತು. ನೂರು ಮುಟ್ಟಿದರೆ ಪ್ರೊಸೆಸರ್ ಯಾರ ಮಾತನ್ನೂ ಕೇಳದೆ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಹಾಗೆ ಆರಿದರೆ ಈ ಯಂತ್ರ ಮತ್ತೆ ಚಾಲೂ ಆಗುವ ಭರವಸೆ ಯಾರಿಗೂ ಇರಲಿಲ್ಲ.

ಅದರೊಳಗೆ ಅವಳ ಗಂಡನ ದನಿ ಇತ್ತು. ಬೇರೆಲ್ಲೂ ಇರಲಿಲ್ಲ, ಅವನ ಗಂಟಲಲ್ಲೂ ಇರಲಿಲ್ಲ.

ಗಂಡ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆಂದು ಹೇಳುವವನಾಗಿದ್ದ. ಮನೆಯಲ್ಲೂ ಅದೇ ಗತ್ತು. ಬಚ್ಚಲಿಗೆ ಹೋಗುವುದನ್ನೂ "ಪ್ರಯಾಣಿಕರ ಗಮನಕ್ಕೆ" ಎಂದೇ ಸಾರುತ್ತಿದ್ದ. ಅವನ ಗಂಟಲಲ್ಲಿ ಗಡ್ಡೆ ಬೆಳೆದು, ಬದುಕಬೇಕಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ಡಾಕ್ಟರು ಹೇಳಿದಾಗ ಅವನು ಕೇಳಿದ್ದು ಒಂದೇ ಮಾತು: "ಪೆಟ್ಟಿಗೆ ತೆಗೆದ್ರೆ ಒಳಗಿರೋದನ್ನ ಎಲ್ಲಿಡ್ತೀರಿ?" ಡಾಕ್ಟರು ನಗಲಿಲ್ಲ. ಆದರೆ ಪಕ್ಕದಲ್ಲಿದ್ದ ನರ್ಸ್ ಒಂದು ಉಪಾಯ ಹೇಳಿದಳು. ಆಪರೇಷನ್‌ಗೆ ಮೊದಲು ನೂರಾರು ವಾಕ್ಯಗಳನ್ನು ಓದಿ ರೆಕಾರ್ಡ್ ಮಾಡಿ ಕಳಿಸಿದರೆ, ಅದರಿಂದ ಅವನದೇ ದನಿಯನ್ನು ಕಟ್ಟಿಕೊಡುವವರಿದ್ದಾರೆ. ಆಮೇಲೆ ಅವನು ಟೈಪ್ ಮಾಡಿದ್ದನ್ನು ಯಂತ್ರ ಅವನ ದನಿಯಲ್ಲೇ ಹೇಳುತ್ತದೆ. ಓದಬೇಕಾದ ವಾಕ್ಯಗಳನ್ನೂ ಅವರೇ ಕಳಿಸಿದರು.

ಪ್ರತಿಧ್ವನಿ ಇರಬಾರದು ಎಂಬುದು ಅವರ ಷರತ್ತು. ಮನೆಯಲ್ಲಿ ಪ್ರತಿಧ್ವನಿ ಇಲ್ಲದ ಜಾಗವೆಂದರೆ ಬಟ್ಟೆಯ ಕಪಾಟು. ಗಂಡ ಸ್ಟೂಲು ಹಾಕಿಕೊಂಡು, ತೂಗುಹಾಕಿದ್ದ ಅವಳ ಬಟ್ಟೆಗಳ ನಡುವೆ ತಲೆ ತೂರಿಸಿ ಓದುತ್ತಿದ್ದ. ಅವಳ ಆಫೀಸಿನ ಲ್ಯಾಪ್‌ಟಾಪಿನ ಫ್ಯಾನು ಗುಂಯ್‌ಗುಡುತ್ತಿತ್ತಾದ್ದರಿಂದ ಮನೆಯ ಹಳೆಯದನ್ನೇ ಕಪಾಟಿನ ಕೆಳ ಅರೆಯಲ್ಲಿಟ್ಟಿದ್ದರು. ವಾಕ್ಯಗಳೋ ಒಂದಕ್ಕಿಂತ ಒಂದು ವಿಚಿತ್ರ. "ಹಳದಿ ಹಕ್ಕಿ ಹಗ್ಗದ ಮೇಲೆ ಕೂತಿದೆ." "ನಾಳೆಯೊಳಗೆ ಏಳು ಕೊಡೆ ಬೇಕು." ಹತ್ತಿಪ್ಪತ್ತು ಓದಿ ತಲೆ ಹೊರಗೆ ಹಾಕಿ, "ಇದನ್ನೆಲ್ಲ ನಾನು ಯಾರಿಗೆ ಯಾವಾಗ ಹೇಳ್ಲಿ ಡಾಕ್ಟ್ರೇ?" ಎಂದು ಹೆಂಡತಿಯನ್ನು ಕೇಳುತ್ತಿದ್ದ. ಅದೂ ರೆಕಾರ್ಡ್ ಆಗುತ್ತಿತ್ತು.

ಅವಳು ಡಾಕ್ಟರಲ್ಲ. ಕಂಪ್ಯೂಟರಿನ ಪ್ರೊಸೆಸರ್ ಎಷ್ಟು ಬಿಸಿಯಾಗಿದೆ, ಅದಕ್ಕೆ ಎಷ್ಟು ವೋಲ್ಟೇಜು ಹೋಗುತ್ತಿದೆ ಎಂದು ವಿಚಾರಿಸಿಕೊಂಡು ಬಂದು ಆಪರೇಟಿಂಗ್ ಸಿಸ್ಟಮ್ಮಿಗೆ ವರದಿ ಒಪ್ಪಿಸುವ ಸಣ್ಣ ಪ್ರೋಗ್ರಾಮು ಬರೆಯುವುದು ಅವಳ ಕೆಲಸ. ಅದಕ್ಕೆ ಡ್ರೈವರ್ ಎನ್ನುತ್ತಾರೆ. ಯಂತ್ರಕ್ಕೆ ಜ್ವರ ನೋಡುವವಳೆಂದು ಗಂಡ ಡಾಕ್ಟ್ರೇ ಎನ್ನುತ್ತಿದ್ದ. ಅತ್ತೆ ಮಾತ್ರ ಡ್ರೈವರ್ ಎಂಬ ಮಾತನ್ನಷ್ಟೇ ಹಿಡಿದುಕೊಂಡು, "ಮಗ ಬಸ್ಸು ಕೂಗ್ತಾನೆ, ಸೊಸೆ ಡ್ರೈವರು" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು. ಎದುರುಮನೆಯವರು ಒಂದು ದಿನ ಊರಿಗೆ ಹೋಗಲು ಸೀಟು ಹಿಡಿದುಕೊಡುತ್ತೀಯಾ ಎಂದು ಕೇಳಿದಾಗಲೇ ಅವಳಿಗೆ ವಿಷಯ ತಿಳಿದದ್ದು.

ರೆಕಾರ್ಡಿಂಗ್ ಮುಗಿದ ಮರುದಿನವೇ ಆಸ್ಪತ್ರೆಯಿಂದ ಫೋನು ಬಂತು. ಆಪರೇಷನ್ನಿಗೆ ಹೇಳಿದ್ದಕ್ಕಿಂತ ಮೊದಲೇ ತಾರೀಕು ಸಿಕ್ಕಿದೆ, ಕೂಡಲೇ ಬಂದು ಸೇರಿಕೊಳ್ಳಿ ಎಂದರು. ಕಾಪಿ ಮಾಡಿ ಕಳಿಸುವುದು ಒಂದು ಸಂಜೆಯ ಕೆಲಸ, ಬಂದ ಮೇಲೆ ಮಾಡಿದರಾಯಿತು ಎಂದುಕೊಂಡಳು. ಬಂದ ಮೇಲೆ ಗಂಡನ ಕತ್ತಿನಲ್ಲಿ ಉಸಿರಿಗೆಂದು ಮಾಡಿದ್ದ ತೂತು ಶುಚಿ ಮಾಡುವುದು, ಕಫ ತೆಗೆಯುವುದು, ಅವನು ಕೆಮ್ಮಿದಾಗ ಎದ್ದು ಕೂರುವುದು ಇವೇ ಆದವು. ದನಿ ಕಪಾಟಿನಲ್ಲೇ ಉಳಿಯಿತು. ಧೂಳು ಕೂರದಿರಲಿ ಎಂದು ಅತ್ತೆ ಅದರ ಮೇಲೆ ರಗ್ಗು ಹೊದಿಸಿದ್ದರು, ಚಾರ್ಜರು ಸಿಕ್ಕಿಸಿದ್ದು ಸಿಕ್ಕಿಸಿದಂತೆಯೇ ಇತ್ತು.

ಗಂಡ ಮಾತ್ರ ದಿನದಿಂದ ದಿನಕ್ಕೆ ಇಳಿದುಹೋಗುತ್ತಿದ್ದ. ಮೊದಮೊದಲು ಪುಟ್ಟ ಬಿಳಿ ಹಲಗೆಯ ಮೇಲೆ ಬರೆದು ಅಳಿಸಿ ಬರೆದು ಜಗಳವನ್ನೂ ಆಡುತ್ತಿದ್ದ. ಆಮೇಲೆ ಬೇಕು, ಬೇಡ ಎಂಬೆರಡಕ್ಕೆ ಬಂದ. ಆಮೇಲೆ ಅದೂ ಇಲ್ಲ. ಬೇಕಾದರೆ ಎರಡು ಸಲ ಚಪ್ಪಾಳೆ. ನಿಲ್ದಾಣದ ಗೆಳೆಯರು ನೋಡಲು ಬಂದಾಗ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟ. ಹೀಗೇ ಹೋದರೆ ಆಪರೇಷನ್ ಉಳಿಸಿದ್ದು ಯಾರನ್ನು ಎಂದು ಅವಳಿಗೆ ದಿಗಿಲಾಗುತ್ತಿತ್ತು. ಅಂಥವನು ನಿನ್ನೆ ಸಂಜೆ ಹಲಗೆ ಕೇಳಿ ತೆಗೆದುಕೊಂಡು ಬರೆದ: ನನ್ನ ದನಿ ಎಲ್ಲಿ?

ಬೆಳಿಗ್ಗೆ ರಗ್ಗು ತೆಗೆದಾಗ ಲ್ಯಾಪ್‌ಟಾಪಿನ ಹೊಟ್ಟೆ ಉಬ್ಬಿತ್ತು.

ಬೀದಿ ತುದಿಯ ರಿಪೇರಿ ಅಂಗಡಿಯವನು ಮನೆಗೇ ಬಂದು ಬಿಚ್ಚಿ ನೋಡಿದ. ಉಬ್ಬಿದ್ದ ಬ್ಯಾಟರಿಯನ್ನು ಮೆಲ್ಲಗೆ ಎತ್ತಿ ಹೊರಗಿಟ್ಟ. ಫ್ಯಾನಿನ ಎಲೆಯನ್ನು ಬೆರಳಿಂದ ತಳ್ಳಿದ, ಅದು ಅಲುಗಲಿಲ್ಲ. ಏನೇನೋ ಮಾಡಿ, ನಾಲ್ಕೈದು ಸಲ ಒತ್ತಿ, ಕೊನೆಗೆ ಚಾರ್ಜರಿನ ಮೇಲೇ ಚಾಲೂ ಮಾಡಿಸಿದ.

"ಆನ್ ಆಗಿದ್ದೇ ಪುಣ್ಯ ಮೇಡಂ. ದಯವಿಟ್ಟು ಆಫ್ ಮಾತ್ರ ಮಾಡ್ಬೇಡಿ. ಪವರ್ ಕೊಡೋ ಭಾಗ ಪೂರ್ತಿ ಸೋತೋಗಿದೆ. ಇನ್ನೊಂದ್ಸಲ ಎದ್ದೇಳುತ್ತೆ ಅಂತ ನಾನು ಮಾತು ಕೊಡಲ್ಲ."

"ಡಿಸ್ಕ್ ಬಿಚ್ಚಿ ಬೇರೆದಕ್ಕೆ ಹಾಕೋಕಾಗಲ್ವಾ?"

"ಬಿಚ್ಚೋ ಹಾಗಿದ್ರೆ ಬಿಚ್ತಿದ್ದೆ. ಬೋರ್ಡಿಗೇ ಬೆಸೆದಿದಾರೆ. ಒಳಗಿರೋದಕ್ಕೆ ಬೀಗ ಬೇರೆ, ಕೀಲಿ ಈ ಬೋರ್ಡಲ್ಲೇ ಇದೆ. ಬೋರ್ಡ್ ಹೋದ್ರೆ ಎರಡೂ ಹೋದ ಹಾಗೆ. ಇದು ಉಸಿರಾಡ್ತಿರೋವಾಗ್ಲೇ ಎಳ್ಕೊಂಡ್ಬಿಡಿ."

ಹೊಸ ಫ್ಯಾನು ಸಿಗಲು ವಾರವಾಗುತ್ತದೆ, ಅಷ್ಟು ಹಳೆಯದಕ್ಕೆ ಸಿಕ್ಕಿದರೆ, ಎಂದು ಹೇಳಿ ಅವನು ಹೋದ. ಅವಳು ಹೊರಗಿನ ಹಾರ್ಡ್ ಡಿಸ್ಕನ್ನು ಸಿಕ್ಕಿಸಿ ಕೂತಳು. ಎರಡು ಫೋಲ್ಡರುಗಳಿದ್ದವು. ಒಂದರಲ್ಲಿ ಓದಿದ ವಾಕ್ಯಗಳು, ಒಂದೊಂದೂ ಬೇರೆ ಬೇರೆಯಾಗಿ ಕತ್ತರಿಸಿದ್ದು. ದನಿ ಕಟ್ಟುವವರಿಗೆ ಬೇಕಾದದ್ದು ಅದು. ಇನ್ನೊಂದರಲ್ಲಿ ಕತ್ತರಿಸದ ಉದ್ದುದ್ದ ರೆಕಾರ್ಡಿಂಗುಗಳು: ಅವನ ನಗು, ಬೈಗುಳ, ಬಟ್ಟೆಯ ವಾಸನೆಯ ಬಗ್ಗೆ ದೂರು, ಅವಳನ್ನು ಕರೆದದ್ದು. ಇದು ಯಾರಿಗೂ ಬೇಡ, ಅವಳಿಗೆ ಬೇಕು. ಬೆರಳು ಎರಡನೆಯದರ ಮೇಲೆ ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ಮೊದಲನೆಯದನ್ನು ಒತ್ತಿದಳು.

ಬಿಸಿ ಏರಿದ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ಕೆಲಸವನ್ನು ನಿಧಾನ ಮಾಡುತ್ತದೆ. ಐದು ನಿಮಿಷದಲ್ಲಿ ಮುಗಿಯಬೇಕಾದ ಕಾಪಿ ಎಳೆಯುತ್ತಾ ಎಳೆಯುತ್ತಾ ಹೋಯಿತು. ಮೊದಲು ಎಂಬತ್ನಾಲ್ಕಿತ್ತು. ಕಣ್ಣೆದುರೇ ಇಟ್ಟುಕೊಂಡು ಕೂತಿದ್ದಳು. ಗಂಡ ಚಪ್ಪಾಳೆ ತಟ್ಟಿದನೆಂದು ಎದ್ದು ಹೋಗಿ, ಅವನ ಕತ್ತಿನ ಮುಂದಿನ ಬಟ್ಟೆ ಬದಲಿಸಿ ಬರುವಷ್ಟರಲ್ಲಿ ತೊಂಬತ್ತಾಗಿತ್ತು. ಕಾಣದಿದ್ದಾಗ ಏರಿಬಿಟ್ಟಿತಲ್ಲ ಎಂದುಕೊಂಡಳು. ಇದರೊಳಗೆ ಹಾಕಿದ್ದೂ ಅವಳು ತಾನೇ ಬರೆದ ಡ್ರೈವರು, ತಾನೇ ಇಟ್ಟ ಲೆಕ್ಕ: ಎರಡು ಸೆಕೆಂಡಿಗೊಮ್ಮೆ ಹೋಗಿ ವಿಚಾರಿಸು ಎಂದು. ಎರಡು ಸೆಕೆಂಡು ಅವಳಿಗೆ ಈಗ ಯುಗವಾಗಿ ಕಂಡಿತು. ಸೆಕೆಂಡಿಗೆ ಇಪ್ಪತ್ತು ಸಲ ಎಂದು ತಿದ್ದಿದಳು. ಅಂಕಿ ಸಾಲದೆಂದು ಗೆರೆ ಎಳೆಯುವ ಪ್ರೋಗ್ರಾಮನ್ನೂ ತೆರೆದಳು. ಅತ್ತೆ ಒದ್ದೆ ಬಟ್ಟೆ ತಂದದ್ದು ಆಗಲೇ.

"ಈಗ ಎಷ್ಟು?" ಎಂದರು ಅತ್ತೆ.

"ತೊಂಬತ್ಮೂರು."

"ನೂರಾದ್ರೆ?"

"ಹೋಗುತ್ತೆ."

ಅತ್ತೆ ಕೈಯಲ್ಲಿದ್ದ ಬಟ್ಟೆಯಿಂದ ತಮ್ಮ ಮುಖವನ್ನೇ ಒರೆಸಿಕೊಂಡರು. "ನಾನೇ ಕಣಮ್ಮ ರಗ್ಗು ಹೊದಿಸಿದ್ದು," ಎಂದರು. ಅಲ್ಲ ಬಿಡಿ ಅತ್ತೆ ಎನ್ನಬೇಕಿತ್ತು. ಆದರೆ ಅತ್ತೆಯ ಮೇಲೆ ಅವಳಿಗೆ ನಿಜಕ್ಕೂ ಸಿಟ್ಟಿತ್ತು. ತನ್ನ ಮೇಲೆ ಅದಕ್ಕಿಂತ ಹೆಚ್ಚಿತ್ತು.

ತೊಂಬತ್ನಾಲ್ಕು. ಅವಳು ಕಂಪ್ಯೂಟರಿನಲ್ಲಿ ತೆರೆದಿದ್ದ ಬೇರೆಲ್ಲವನ್ನೂ ಮುಚ್ಚಿದಳು. ಹಳೆಯ ಮಾಸಿಕದ ರಟ್ಟು ಹರಿದು ಬೀಸಿದಳು. ಫ್ಯಾನು ಬೀಸುತ್ತಿರುವಾಗ ರಟ್ಟಿನ ಗಾಳಿ ಏನು ಮಾಡೀತು ಎಂದು ಅವಳಿಗೆ ಗೊತ್ತಿತ್ತು, ಆದರೂ ಬೀಸಿದಳು. ತೊಂಬತ್ತೈದು. ಹಾಲ್‌ನಿಂದ ಎರಡು ಚಪ್ಪಾಳೆ ಕೇಳಿಸಿತು. "ನೀವು ಹೋಗಿ ಅತ್ತೆ, ನಾನು ಕಣ್ಣು ತೆಗೆಯೋ ಹಾಗಿಲ್ಲ," ಎಂದಳು. ಇನ್ನೊಮ್ಮೆ ಚಪ್ಪಾಳೆ ಬಿತ್ತು. ಒಂದು ಕಡೆ ಗಂಡ, ಇನ್ನೊಂದು ಕಡೆ ಗಂಡನ ದನಿ. ತಾನು ಕೂತಿರುವುದು ಯಾರ ಬಳಿ ಎಂದೇ ಅವಳಿಗೆ ತಿಳಿಯದಾಯಿತು. ಮುಖ ತೆರೆಗೆ ತಾಗುವಷ್ಟು ಬಾಗಿ ಕೂತಳು. ಕೀಲಿಮಣೆಯಿಂದ ಬಿಸಿ ಗಲ್ಲಕ್ಕೆ ಬಡಿಯುತ್ತಿತ್ತು.

ತೊಂಬತ್ತೇಳು. ಇನ್ನು ಉಳಿದದ್ದು ಒಂದೇ ದಾರಿ: ಕಾಪಿಯನ್ನು ನಿಲ್ಲಿಸಿ ಯಂತ್ರವನ್ನು ತಣಿಯಲು ಬಿಡುವುದು, ತಣಿದ ಮೇಲೆ ಮತ್ತೆ ಶುರು ಮಾಡುವುದು. ನಿಲ್ಲಿಸಿದಳು. ಹಾರ್ಡ್ ಡಿಸ್ಕಿನ ನೀಲಿ ದೀಪ ಮಿಣುಕುವುದು ಬಿಟ್ಟಿತು. ಈಗ ಪ್ರೊಸೆಸರಿಗೆ ಮಾಡಲು ಕೆಲಸವೇ ಇಲ್ಲ, ಸರಸರನೆ ಇಳಿಯಬೇಕು. ತೊಂಬತ್ತಾರಕ್ಕೆ ಬಂತು. ಅಲ್ಲೇ ನಿಂತಿತು. ಕಾದಳು. ತೊಂಬತ್ತಾರು. ತಿರುಗಿ ತೊಂಬತ್ತೇಳು.

ಕೆಲಸವಿಲ್ಲದೆಯೂ ಏರುತ್ತಿದೆಯೆಂದರೆ ಒಳಗೇ ಏನೋ ಸುಡುತ್ತಿದೆ, ಮುಗಿಯಿತು. ಅವಳು ತಲೆಯನ್ನು ಮೇಜಿನ ಅಂಚಿಗೆ ಆನಿಸಿದಳು. ಇನ್ನೇನು ಮಾಡುವುದೂ ಉಳಿದಿಲ್ಲ ಎನಿಸಿತು. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂಡ ಅವಳಿಗೆ ಹೀಗಾಗಿರಲಿಲ್ಲ. ಅಲ್ಲಿ ಕಾಯಲು ಬೇರೆಯವರಿದ್ದರು, ಕತ್ತಿ ಹಿಡಿದವರು ಬೇರೆಯವರಾಗಿದ್ದರು. ಇಲ್ಲಿ ಎಲ್ಲವೂ ಅವಳೇ.

ತಲೆ ಎತ್ತಿದಾಗ ಕಣ್ಣು ಹಳದಿ ಗೆರೆಯ ಮೇಲೆ ಬಿತ್ತು. ಇಷ್ಟು ಹೊತ್ತೂ ಅವಳು ಕೆಂಪನ್ನೇ ನೋಡುತ್ತಿದ್ದಳು. ಕೆಲಸ ನಿಂತಾಗ ವೋಲ್ಟೇಜಿನ ಗೆರೆ ಕೆಳಗಿಳಿದು ಸಪಾಟಾಗಿ ಮಲಗಬೇಕು. ಇದು ಮಲಗಿರಲಿಲ್ಲ. ಏಳುತ್ತಿತ್ತು, ಬೀಳುತ್ತಿತ್ತು, ಏಳುತ್ತಿತ್ತು. ಕಾಪಿಯ ಕೆಲಸವಾಗಿದ್ದರೆ ಅಡ್ಡಾದಿಡ್ಡಿ ಏರಿಳಿಯುತ್ತಿತ್ತು. ಇವು ಬಾಚಣಿಗೆಯ ಹಲ್ಲಿನಂತೆ ಒಂದೇ ಸಮ. ಯಾರೋ ತಾಳ ತಪ್ಪದೆ ತಟ್ಟಿ ತಟ್ಟಿ ಎಬ್ಬಿಸುತ್ತಿದ್ದಾರೆ. ಅವಳು ಒಂದು ಸೆಕೆಂಡಿನ ಅಳತೆಯಲ್ಲಿ ಹಲ್ಲುಗಳನ್ನು ಎಣಿಸಿದಳು. ಇಪ್ಪತ್ತು.

ಪ್ರೊಸೆಸರಿನ ಒಳಗೆ ಲೆಕ್ಕ ಮಾಡುವ ಕೋರುಗಳೆಂಬ ಭಾಗಗಳು ಕೆಲಸ ಸಿಗದ ಕೂಡಲೇ ನಿದ್ದೆಗೆ ಜಾರುತ್ತವೆ, ಆ ನಿದ್ದೆಯಲ್ಲೇ ತಣಿಯುತ್ತವೆ. ನೀನೆಷ್ಟು ಬಿಸಿ ಎಂದು ಡ್ರೈವರು ಕೇಳಬೇಕಾದರೆ ಒಂದೊಂದನ್ನೂ ಎಬ್ಬಿಸಿಯೇ ಕೇಳಬೇಕು. ಸೆಕೆಂಡಿಗೆ ಇಪ್ಪತ್ತು ಸಲ ಎಬ್ಬಿಸಿದರೆ ಅವು ಮಲಗುವುದೆಲ್ಲಿ? ಮೇಲಿಂದ ಆ ಎರಡು ಗೆರೆಗಳನ್ನು ಎಳೆಯುವ ಚಾಕರಿ ಬೇರೆ. ಆಫೀಸಿಗೆ ಹೊಸದಾಗಿ ಬಂದವರಿಗೆ ಮೊದಲ ದಿನ ಅವಳು ಹೇಳಿಕೊಡುವ ಪಾಠವೇ ಇದು: ಅಳೆಯುವ ಕೆಲಸವೇ ಬಿಸಿ ಮಾಡಬಾರದು, ಎರಡು ಸೆಕೆಂಡಿಗಿಂತ ಅವಸರ ಬೇಡ. ತಪ್ಪಿದವರನ್ನು ಎಲ್ಲರೆದುರು ಗದರಿದ್ದಳು. ಈಗ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನಿಸಿತು. ಗಂಡನ ದನಿಯನ್ನು ಉಳಿಸುತ್ತೇನೆಂದು ಕೂತು ಅದನ್ನು ಸುಡುತ್ತಿದ್ದವಳು ಅವಳೇ.

ಮತ್ತೆ ಎರಡು ಸೆಕೆಂಡಿಗೊಮ್ಮೆ ಎಂದು ತಿದ್ದಬಹುದಿತ್ತು. ಆದರೆ ಅಂಕಿ ಕಾಣಿಸಿದರೆ ನೋಡುತ್ತಾಳೆ, ನೋಡಿದರೆ ಕೈ ಸುಮ್ಮನಿರುವುದಿಲ್ಲ. ತೊಂಬತ್ತೇಳು ಕಂಡರೆ ಮತ್ತೇನಾದರೂ ಮಾಡಿಯೇ ಮಾಡುತ್ತಾಳೆ. ತನ್ನ ಕೈಯ ಗುಣ ಅವಳಿಗೆ ಗೊತ್ತಿತ್ತು. ಗೆರೆ ಎಳೆಯುವುದನ್ನು ಮುಚ್ಚಿದಳು. ಬಿಸಿ ಅಳೆಯುವ ಡ್ರೈವರನ್ನೇ ನಿಲ್ಲಿಸಿದಳು. ಕಾಪಿಯನ್ನು ಮತ್ತೆ ಶುರು ಮಾಡಿ, ಅದರ ಹಿಂದೆಯೇ ಎರಡನೆಯ ಫೋಲ್ಡರನ್ನೂ ಸಾಲಿಗೆ ಹಚ್ಚಿ, ತೆರೆಯ ಬೆಳಕನ್ನು ಪೂರ್ತಿ ಆರಿಸಿದಳು. ಕಪ್ಪು ತೆರೆಯಲ್ಲಿ ಅವಳದೇ ಮುಖ ಕಂಡಿತು. ಪಕ್ಕದಲ್ಲಿ ನೀಲಿ ದೀಪ ಮಿಣುಕತೊಡಗಿತು. ಇನ್ನು ಒಳಗೆ ತೊಂಬತ್ತಿದೆಯೋ ತೊಂಬತ್ತೊಂಬತ್ತಿದೆಯೋ ಯಾರಿಗೂ ಗೊತ್ತಿಲ್ಲ. ಅಲ್ಲೇ ಕೂತರೆ ತಡೆಯಲಾರೆನೆಂದು ಎದ್ದು ಹಾಲ್‌ಗೆ ಹೋದಳು.

ಗಂಡ ಒರಗು ಕುರ್ಚಿಯಲ್ಲಿದ್ದ. ಕತ್ತಿನ ಮುಂದಿನ ಬಟ್ಟೆ ಉಸಿರಿಗೆ ಹಾರಿ ಹಾರಿ ಬೀಳುತ್ತಿತ್ತು. ಹುಬ್ಬೇರಿಸಿ ನೋಡಿದ.

"ನೋಡೋದು ಬಿಟ್ಟೆ ರೀ," ಎಂದಳು.

ಅವನು ಹಲಗೆ ಎತ್ತಿಕೊಂಡು ಬರೆದ: ಸತ್ತಿತಾ?

"ಗೊತ್ತಿಲ್ಲ. ಕಾಪಿ ಆಗ್ತಿದೆ. ನಾನು ಪದೇ ಪದೇ ಕೇಳಿ ಕೇಳಿನೇ ಬಿಸಿ ಆಗ್ತಿತ್ತು."

ಅವನು ಅಳಿಸಿ ನಿಧಾನವಾಗಿ ಬರೆದ: ಹೋಗಲಿ ಬಿಡು. ನಂಗೆ ಬೇಡ.

ನಿನ್ನೆ ಎಲ್ಲಿ ಎಂದು ಕೇಳಿದವನು ಇಂದು ಬೇಡ ಎನ್ನುತ್ತಿದ್ದ. ಅವಳಿಗೆ ಅರ್ಥವಾಗದೇ ಇಲ್ಲ. ಕಳೆದುಹೋಗುವ ಮುಂಚೆಯೇ ಕೈಬಿಟ್ಟರೆ ನೋವು ಕಮ್ಮಿ ಎಂದು ಅವನ ಲೆಕ್ಕ. ಅರ್ಥವಾದರೂ ಅವಳಿಗೆ ತಡೆಯಲಾಗಲಿಲ್ಲ.

"ನಿಮಗೆ ಬೇಡದಿದ್ರೆ ಬೇಡ. ನಂಗೆ ಬೇಕು. ಈ ಮನೇಲಿ ಚಪ್ಪಾಳೆ ಕೇಳಿ ಕೇಳಿ ನಂಗೆ ಸಾಕಾಗಿದೆ. ಹೋಟೆಲಲ್ಲಿ ಮಾಣಿನ ಕರೆದ ಹಾಗೆ ಕರೀತೀರಿ. ಒಂದು ಸಲ ಬೈದಾದ್ರೂ ಕರೀರಿ ಅನ್ಸುತ್ತೆ," ಎಂದಳು. ಹೇಳುತ್ತಾ ಹೇಳುತ್ತಾ ಅಳು ಬಂತು. ಇಷ್ಟು ದಿನ ಅವನೆದುರು ಅತ್ತಿರಲಿಲ್ಲ.

ಗಂಡ ಹಲಗೆಯನ್ನು ತೊಡೆಯ ಮೇಲಿಟ್ಟು ಅವಳ ಮಣಿಕಟ್ಟನ್ನು ಹಿಡಿದುಕೊಂಡ. ಬಿಡಲಿಲ್ಲ. ಅವಳು ಅವನ ಕುರ್ಚಿಯ ಪಕ್ಕ ನೆಲದ ಮೇಲೆಯೇ ಕೂತಳು.

ಅತ್ತೆ ಇಬ್ಬರನ್ನೂ ನೋಡಿ ಏನೂ ನೋಡದವರಂತೆ, "ನಾನು ಹೋಗಿ ಒಂದ್ಸಲ ನೋಡ್ಕೊಂಡ್ ಬರ್ಲಾ?" ಎಂದರು.

"ಮುಟ್ಟಬೇಡಿ ಅತ್ತೆ."

"ನನ್ನ ಕಣ್ಣೇನು ಕೆಂಡವೇನೇ? ದೀಪ ಮಾತ್ರ ನೋಡ್ತೀನಿ."

ಹೋಗಿ ಬಂದು, "ಮಿಣುಕ್ತಾ ಇದೆ," ಎಂದರು. ತುಸು ಹೊತ್ತಿಗೆ ಮತ್ತೆ ಹೋಗಿ ಬಂದರು. "ಮಿಣುಕ್ತಾ ಇದೆ." ಕೋಣೆಗೂ ಹಾಲ್‌ಗೂ ನಡುವೆ ಅವರ ಓಡಾಟ ನಡೆದೇ ಇತ್ತು. ಮೊಣಕಾಲು ನೋವೆಂದು ಮೆಟ್ಟಿಲು ಹತ್ತದವರು ಇದೊಂದರಲ್ಲಿ ದಣಿಯಲಿಲ್ಲ. ಪ್ರತಿ ಸಲವೂ ಗಂಡನ ಬೆರಳು ಅವಳ ಮಣಿಕಟ್ಟಿನ ಮೇಲೆ ಬಿಗಿಯಾಗುತ್ತಿತ್ತು, ಅತ್ತೆಯ ಮಾತು ಕೇಳಿ ಸಡಿಲವಾಗುತ್ತಿತ್ತು. ಬೇಡ ಎಂದು ಬರೆದ ಹಲಗೆ ಅವನ ತೊಡೆಯ ಮೇಲೇ ಇತ್ತು. ಅದನ್ನವನು ಯಾವಾಗಲೋ ಅಂಗೈಯಿಂದ ಉಜ್ಜಿ ಅಳಿಸಿದ್ದ.

ಮುಂದಿನ ಸಲ ಅತ್ತೆ ಬರುವುದು ತಡವಾಯಿತು. ಬಂದವರು ಕೋಣೆಯ ಬಾಗಿಲಲ್ಲೇ ನಿಂತರು.

"ಏನಾಯ್ತು?"

"ಇಲ್ಲಮ್ಮ. ನಾನು ಎಷ್ಟು ಹೊತ್ತು ನಿಂತು ನೋಡಿದೆ. ಮಿಣುಕ್ತಿಲ್ಲ."

ಅವಳು ಎದ್ದಳು, ಓಡಲಿಲ್ಲ. ಲ್ಯಾಪ್‌ಟಾಪು ಕೈ ಇಡಲಾಗದಷ್ಟು ಕಾದಿತ್ತು, ಗುಂಡಿ ಒತ್ತಿದರೆ ಮಿಸುಕಲಿಲ್ಲ. ಮತ್ತೆ ಒತ್ತಿದಳು. ಬಹಳ ಹೊತ್ತು ಒತ್ತಿ ಹಿಡಿದಳು. ಫ್ಯಾನು ಮಾತ್ರ ತನ್ನ ಪಾಡಿಗೆ ಬೀಸುತ್ತಿತ್ತು. ಅದನ್ನು ಆರಿಸಿ, ಹಾರ್ಡ್ ಡಿಸ್ಕನ್ನು ಬಿಡಿಸಿಕೊಂಡು, ಆಫೀಸಿನ ಲ್ಯಾಪ್‌ಟಾಪ್ ಹಿಡಿದು ಹಾಲ್‌ಗೆ ಬಂದಳು. ಏನಿದ್ದರೂ ಅವನೆದುರೇ ತೆರೆಯುವುದೆಂದು ದಾರಿಯಲ್ಲೇ ನಿರ್ಧಾರವಾಗಿತ್ತು.

"ನನ್ನ ಕೈಲಿ ನೋಡೋಕಾಗಲ್ಲಮ್ಮ. ಒಲೆ ಮೇಲೆ ಹಾಲಿಟ್ಟಿದೀನಿ," ಎಂದು ಅತ್ತೆ ಅಡುಗೆಮನೆಗೆ ಹೋಗಿಬಿಟ್ಟರು. ಪಾತ್ರೆ ತೊಳೆಯುವ ಸದ್ದು ಬೇಕಾದದ್ದಕ್ಕಿಂತ ಜೋರಾಗಿ ಕೇಳಿಸಿತು.

ಅವಳು ನೆಲದ ಮೇಲೆ ಕೂತು ಸಿಕ್ಕಿಸಿದಳು. ಗಂಡ ಕುರ್ಚಿಯಿಂದ ಬಾಗಿ ಅವಳ ಭುಜದ ಮೇಲಿಂದ ನೋಡಿದ. ಎರಡನೆಯ ಫೋಲ್ಡರಿನಲ್ಲಿ ಒಂದೇ ಒಂದು ಫೈಲಿತ್ತು. ಅದು ಅರ್ಧಕ್ಕೆ ತುಂಡಾಗಿ ತೆರೆಯದೆ ಹೋಯಿತು. ನಗು, ಬೈಗುಳ, ಕಪಾಟಿನಿಂದ ತಲೆ ಹೊರಗೆ ಹಾಕಿ ಅವಳನ್ನು ಕರೆದದ್ದು, ಯಾವುದೂ ಬರಲಿಲ್ಲ. ಅವಳು ಅದನ್ನು ಮುಚ್ಚಿ ಮೊದಲನೆಯದನ್ನು ತೆರೆದಳು. ವಾಕ್ಯಗಳು ಇದ್ದವು. ಇಳಿದು ಇಳಿದು ಕೊನೆಯವರೆಗೂ ನೋಡಿದಳು, ಎಲ್ಲ ಇದ್ದವು.

ಇದ್ದರೆ ಸಾಲದು, ಒಳಗೆ ಕೆಟ್ಟಿರಬಾರದು. ಲ್ಯಾಪ್‌ಟಾಪಿನ ಸದ್ದನ್ನು ಪೂರ್ತಿ ಏರಿಸಿ, ಕಣ್ಣಿಗೆ ಬಿದ್ದ ಒಂದನ್ನು ಒತ್ತಿದಳು. ಮೊದಲು ಬಟ್ಟೆ ಸರಿದ ಸಣ್ಣ ಸದ್ದು. ಆಮೇಲೆ ಅವನ ದನಿ ಹಾಲ್ ತುಂಬ ಬಂತು, ನಿಲ್ದಾಣದ ಗತ್ತಿಲ್ಲದೆ, ಮನೆಯಲ್ಲಿ ಪೇಪರು ಓದುತ್ತಾ ತಲೆ ಎತ್ತದೆ ಹೇಳುವ ಹಾಗೆ:

"ಬಾಗಿಲಲ್ಲಿ ಯಾರೋ ನಿಂತಿದ್ದಾರೆ."

ಅಡುಗೆಮನೆಯಿಂದ ಅತ್ತೆ, "ಬಂದೆ ಕಣೋ, ತಡಿ, ನೀನೇನು ಏಳ್ಬೇಡ," ಎಂದರು. ನಲ್ಲಿ ನಿಲ್ಲಿಸಿದರು. ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು, ಕುರ್ಚಿಯಲ್ಲಿದ್ದ ಮಗನನ್ನೂ ನೆಲದ ಮೇಲಿದ್ದ ಸೊಸೆಯನ್ನೂ ದಾಟಿಕೊಂಡು ಹೋಗಿ, ಚಿಲಕ ಸರಿಸಿ ಬಾಗಿಲು ತೆರೆದರು.

ಹೊರಗೆ ಮಧ್ಯಾಹ್ನದ ಬಿಸಿಲಿತ್ತು. ಎದುರುಮನೆಯ ಗೋಡೆಗೆ ಒರಗಿಸಿದ್ದ ಸೈಕಲ್ಲೊಂದನ್ನು ಬಿಟ್ಟರೆ ಬೀದಿ ಖಾಲಿ. ಅತ್ತೆ ಆ ಕಡೆ ನೋಡಿದರು, ಈ ಕಡೆ ನೋಡಿದರು. ಆಮೇಲೆ ಹಾಗೆಯೇ ನಿಂತುಬಿಟ್ಟರು, ಒಂದು ಕೈ ಚಿಲಕದ ಮೇಲೆ, ಬೆನ್ನು ಮನೆಯ ಕಡೆಗೆ.